ಕಾವಲು ಗೋಪುರಕ್ಕೆ ಹತ್ತಿ ಬಂದ ದನಿ

ಫೋಂತೆ ಸೆಕಾ ಊರಿನ ನೆತ್ತಿಯ ಮೇಲಿರುವ ಕಾಡ್ಗಿಚ್ಚಿನ ಕಾವಲು ಗೋಪುರದಲ್ಲಿ ಜುಲ್ಮಿರಾ ಹದಿನಾಲ್ಕು ಬೇಸಿಗೆ ಕಳೆದಿದ್ದಳು. ಜೂನಿನಿಂದ ಸೆಪ್ಟೆಂಬರಿನವರೆಗೆ, ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರ ತನಕ ಅವಳ ಪಾಳಿ. ಹದಿನೈದು ನಿಮಿಷಕ್ಕೊಮ್ಮೆ ದುರ್ಬೀನು ಹಿಡಿದು ನಾಲ್ಕೂ ದಿಕ್ಕಿನ ಗುಡ್ಡಗಳನ್ನು ನೋಡಬೇಕು. ಹೊಗೆ ಕಂಡರೆ ಮೇಜಿನ ಮೇಲಿನ ದುಂಡು ಹಲಗೆಯಲ್ಲಿ ಅದು ಎಷ್ಟನೇ ಡಿಗ್ರಿಯಲ್ಲಿದೆ ಎಂದು ಅಳೆದು ರೇಡಿಯೋದಲ್ಲಿ ಹೇಳಬೇಕು. ಎದುರು ಗುಡ್ಡದ ಗೋಪುರದಿಂದ ಒರಾಸಿಯೊ ತನ್ನ ಅಳತೆ ಹೇಳುತ್ತಾನೆ. ಎರಡು ಗೆರೆ ಸೇರಿದ ಕಡೆ ಬೆಂಕಿ. ಓದು ನಾಲ್ಕನೇ ತರಗತಿಗೇ ನಿಂತಿದ್ದರೂ ಅವಳ ಅಳತೆ ಒಮ್ಮೆಯೂ ತಪ್ಪಿರಲಿಲ್ಲ.

ಆದರೆ ಅವಳು ಪ್ರತಿ ವರ್ಷ ಜೂನ್ ಯಾವಾಗ ಬಂದೀತು ಎಂದು ಕಾಯುತ್ತಿದ್ದುದು ಬೆಂಕಿ ನೋಡುವುದಕ್ಕಲ್ಲ. ಗೋಪುರದಲ್ಲಿ ಅವಳ ಹೆಸರು ಹಿಡಿದು ಕರೆಯುವವರು ಇರಲಿಲ್ಲ. ಮನೆಯಲ್ಲಾದರೆ ಅಮಾಂದಿಯೊ. ಕಾಲುಚೀಲ ಕಾಲಲ್ಲೇ ಇದ್ದರೂ ಎಲ್ಲಿ ಎಂದು ಕೇಳುವ ಗಂಡ ಅವನು. ಮದುವೆಯಾದ ಮೂವತ್ತಾರು ವರ್ಷದಲ್ಲಿ ಅವಳು ಕೂತು ಒಂದು ಲೋಟ ಬಾರ್ಲಿ ಕಾಫಿಯನ್ನು ಬಿಸಿ ಇರುವಾಗಲೇ ಕುಡಿದದ್ದು ಗೋಪುರದಲ್ಲಿ ಮಾತ್ರ. ಎಂಟು ಗಂಟೆಯ ಆ ಮೌನವೇ ಅವಳ ಆಸ್ತಿ.

ಎರಡು ವರ್ಷದ ಹಿಂದೆ ನೀಲಗಿರಿ ಮರದ ದಿಮ್ಮಿ ಉರುಳಿ ಅಮಾಂದಿಯೊನ ಸೊಂಟ ಮುರಿಯಿತು. ಅಂದಿನಿಂದ ಅವನಿಗೆ ಕಿಟಕಿಯ ಪಕ್ಕದ ಕುರ್ಚಿಯೇ ಗತಿ. ಈ ವರ್ಷ ಜೂನ್ ಬರುತ್ತಲೇ ಅವನ ರಾಗ ಶುರುವಾಯಿತು.

"ನೀನು ಮೇಲೆ ಹೋಗಿ ರಾಣಿ ಥರ ಕೂತ್ಕೋ. ನಾನಿಲ್ಲಿ ಸತ್ರೆ ವಾಸನೆ ಬಂದ ಮೇಲೆ ಗೊತ್ತಾಗತ್ತೆ ನಿಂಗೆ."

"ಪಕ್ಕದ್ಮನೆ ಹುಡುಗಿ ಮಧ್ಯಾಹ್ನ ಸೂಪು ತರ್ತಾಳಲ್ಲ ಮಾರಾಯ."

"ಸೂಪು ಮಾತಾಡತ್ತಾ?"

ಅಮಾಂದಿಯೊನ ಅಕ್ಕನ ಮಗ ಅಡೆಲಿನೊ ವಿದ್ಯುತ್ ಕೆಲಸದವನು, ಪಂಚಾಯಿತಿಯ ಪರವಾನಗಿ ಇಟ್ಟುಕೊಂಡು ಇಬ್ಬರು ಮಕ್ಕಳನ್ನು ಸಾಕುತ್ತಿದ್ದವನು. ಒಂದು ಭಾನುವಾರ ಅವನು ಬೇಟೆಗಾರರು ಹಿಡಿಯುವಂಥ ಎರಡು ವಾಕಿಟಾಕಿ ತಂದ. ಊರಿನ ತಗ್ಗಿನಲ್ಲಿ ಮೊಬೈಲು ಹಿಡಿಯುವುದಿಲ್ಲವಲ್ಲ, ಅದಕ್ಕೆ. ಅಡಿಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ತೆರೆದು, ವಾಕಿಟಾಕಿಗೆ ತಂತಿ ಸಿಕ್ಕಿಸಿದ.

"ನೋಡಿ ಅತ್ತೆ, ಇದು ಕೇಳಿಸ್ಕೊಳ್ಳೋಕೆ ಎಲ್ಲಾ ಕಡೆ ಬಿಡತ್ತೆ. ಮಾತಾಡೋಕೆ ಮಾತ್ರ ಬೇಲಿ ಹಾಕಿದಾರೆ. ಬೇಲಿ ಒಳಗಿನ ಚಾನೆಲ್‌ನಲ್ಲೆಲ್ಲ ಬೇಟೆಗಾರರ ಗಲಾಟೆ. ಬೇಲಿ ತೆಗೆದು ಆಚೆ ಒಂದು ಖಾಲಿ ಜಾಗ ಕೊಡ್ತೀನಿ. ನೀವಿಬ್ಬರೇ."

"ಬೇಲಿ ಸುಮ್ನೆ ಹಾಕಿರ್ತಾರಾ?" ಎಂದಳು ಜುಲ್ಮಿರಾ.

"ಗಂಡ ಹೆಂಡತಿ ಮಾತಾಡೋದನ್ನ ಯಾರು ಕದ್ದು ಕೇಳ್ತಾರೆ ಬಿಡಿ."

ಅಮಾಂದಿಯೊ ಕತ್ತು ಚಾಚಿದ. "ಅವಳ ಗೋಪುರದ ಚಾನೆಲ್ಲೂ ಹಾಕೋ. ನಾನು ಮಾತಾಡಲ್ಲ, ಸುಮ್ನೆ ಕೇಳ್ತೀನಿ. ಹೊತ್ತು ಹೋಗತ್ತೆ."

ಗೋಪುರದ ರೇಡಿಯೋದ ಬೆನ್ನಿಗೆ ಅಂಟಿಸಿದ್ದ ಚಾನೆಲ್ಲಿನ ಅಂಕಿ ಜುಲ್ಮಿರಾಗೆ ಬಾಯಿಪಾಠ.  ಕಿಟಕಿಯ ಪಕ್ಕದ ಮುಖ ನೋಡಿದಳು. ಅಂಕಿ ಹೇಳಿದಳು. ಅಡೆಲಿನೊ ಟಕಟಕ ಒತ್ತಿದ. ಆ ಚಾನೆಲ್ಲಿನಲ್ಲಿ ಮಾತಾಡಲಾಗದಂತೆ ಬೀಗ ಹಾಕುವುದನ್ನು ಮರೆತ.

ಮಾರನೆಯ ದಿನದಿಂದ ಗೋಪುರಕ್ಕೆ ಗಂಡನ ದನಿ ಹತ್ತಿ ಬಂತು.

"ಜುಲ್ಮಿರಾ, ಉಪ್ಪು ಎಲ್ಲಿಟ್ಟಿದೀಯಾ?"

"ನಿನ್ನೆದುರಿಗೇ."

"ಜುಲ್ಮಿರಾ, ನೊಣ ಎಷ್ಟಿದಾವೆ ಗೊತ್ತಾ?"

"ಎಣಿಸಿಡು, ಬಂದು ನೋಡ್ತೀನಿ."

ಎಂಟು ಗಂಟೆಯಲ್ಲಿ ಇಪ್ಪತ್ತು ಸಲ, ಮೂವತ್ತು ಸಲ. ಒಂದೇ ಸಮಾಧಾನವಿತ್ತು. ಗುಂಡಿ ಒತ್ತಿ ಮೂರು ನಿಮಿಷ ಆದರೆ ವಾಕಿಟಾಕಿ ತಾನಾಗಿಯೇ ಮಾತು ಕಡಿದುಬಿಡುತ್ತಿತ್ತು. ಜುಲ್ಮಿರಾ ಗೋಡೆ ಗಡಿಯಾರ ನೋಡುತ್ತ ಆ ಮೂರು ನಿಮಿಷಕ್ಕೆ ಕಾಯುತ್ತಿದ್ದಳು. ಅಮಾಂದಿಯೊ ಅದನ್ನೂ ಬಿಡಲಿಲ್ಲ. ಅಕ್ಕನ ಮಗನನ್ನು ಕರೆಸಿ, "ಒಳ್ಳೆ ಮಾತಿನ ನಡುವೆ ಬಾಯಿ ಮುಚ್ಚಿಸತ್ತಲ್ಲೋ ಇದು" ಎಂದು ಆ ಗಡುವನ್ನೂ ತೆಗೆಸಿದ. ಜುಲ್ಮಿರಾ ವಾಕಿಟಾಕಿಯನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯ ತಳಕ್ಕೆ ತುರುಕಿದಳು. ಜೋಳದ ರೊಟ್ಟಿಯ ಅಡಿಯಿಂದ ಅವನು ಕರೆಯುತ್ತಲೇ ಇದ್ದ. ಆರಿಸಿಬಿಟ್ಟರೆ ಸಂಜೆ ಮನೆಯಲ್ಲಿ ಅದರ ಎರಡರಷ್ಟು ಕೇಳಬೇಕು. ನಾಲ್ಕೂ ಕಡೆ ಗಾಜು, ನಾಲ್ಕೂ ಕಡೆ ಆಕಾಶ, ಹಾಗಿದ್ದೂ ಅವಳಿಗೆ ಅದು ಮನೆಯ ಹಿಂದಿನ ಕೋಣೆಯಂತೆಯೇ ಕಾಣತೊಡಗಿತು.

ಆಗಸ್ಟಿನ ಒಂದು ಗುರುವಾರ, ಹನ್ನೊಂದು ಗಂಟೆ ಇರಬಹುದು, ಒರಾಸಿಯೊ ರೇಡಿಯೋದಲ್ಲಿ "ನನ್ನ ಕಡೆ ಸ್ವಚ್ಛ, ಗಾಳಿ ಮಾತ್ರ ದೆವ್ವ ಹಿಡಿದ ಹಾಗಿದೆ" ಎಂದು ವರದಿ ಹೇಳಿ ಮುಗಿಸಿದ. ಅದರ ಬೆನ್ನಿಗೇ ರೇಡಿಯೋದಲ್ಲಿ ಇನ್ನೊಂದು ದನಿ ಬಂತು.

"ಗಲ್ಲ ಎತ್ತು. ಇನ್ನೂ ಎತ್ತು."

ಕ್ಷೌರದ ಫಿರ್ಮಿನೊ! ಗುರುವಾರ ಅವನು ಮನೆಗೇ ಬಂದು ಅಮಾಂದಿಯೊನಿಗೆ ಗಡ್ಡ ಹೆರೆಯುತ್ತಿದ್ದ. ಜುಲ್ಮಿರಾಗೆ ಕೂಡಲೇ ಅರ್ಥವಾಯಿತು. ವಾಕಿಟಾಕಿ ಕುರ್ಚಿಯ ಸಂದಿಗೆ ಜಾರಿ ಗುಂಡಿ ಅವನ ತೊಡೆಯಡಿ ಒತ್ತಿಕೊಂಡಿದೆ. ಆ ಜಾತಿಯ ವಾಕಿಟಾಕಿ ಎರಡು ಚಾನೆಲ್ ಕೇಳುತ್ತಿದ್ದರೆ, ಕಡೆಗೆ ಯಾವುದರಲ್ಲಿ ದನಿ ಬಂತೋ ಅದರ ಮೇಲೆಯೇ ಮಾತು ಕಳಿಸುತ್ತದೆ. ಕಡೆಗೆ ಬಂದದ್ದು ಒರಾಸಿಯೊನ ದನಿ.

ಅವಳು ದುರ್ಬೀನು ತಿರುಗಿಸಿದಳು. ಇನ್ನೂರ ಹದಿನಾಲ್ಕು ಡಿಗ್ರಿ. ಪೈನ್ ಮರಗಳ ಹಿಂದೆ ಕಂದು ಹೊಗೆ, ಸಣ್ಣದು, ನೆಲಕ್ಕೆ ಒರಗಿದ್ದು. ಗಾಳಿ ಕುಡಿದು ಬೆಳೆಯುವ ಜಾತಿಯದು.

"ಕಾವಲು ಗೋಪುರ ಆರು ಕರೀತಿದೆ, ಹೊಗೆ, ಇನ್ನೂರ ಹದಿನಾಲ್ಕು!"

ಉತ್ತರವಿಲ್ಲ. ಒಂದೇ ಚಾನೆಲ್ಲಿನಲ್ಲಿ ಇಬ್ಬರು ಮಾತಾಡಿದರೆ ಯಾರ ಮಾತೂ ಕೇಳಿಸದು. ಬುಟ್ಟಿಯಿಂದ ಇನ್ನೊಂದು ವಾಕಿಟಾಕಿ ಎಳೆದು, "ಅಮಾಂದಿಯೊ, ಏಳೋ! ಪಕ್ಕಕ್ಕೆ ಹೊರಳೋ!" ಎಂದು ಕೂಗಿದಳು. ಗುಂಡಿ ಒತ್ತಿಕೊಂಡಿರುವ ತನಕ ಅವನ ವಾಕಿಟಾಕಿಗೆ ಕಿವಿ ಇಲ್ಲ. ರೇಡಿಯೋದಲ್ಲಿ ಅವನು ನಿಧಾನವಾಗಿ ಮಾತಾಡುತ್ತಲೇ ಇದ್ದ.

"ನಾಲ್ಕಾಗೋಕೆ ಎಷ್ಟು ಹೊತ್ತು ಬೇಕು ಗೊತ್ತಾ ಫಿರ್ಮಿನೊ? ಮೇಲಿನ ಹಲಗೆ ಎಣಿಸು. ಮೂವತ್ತೊಂದಿದಾವೆ. ಹಿಂದಿನಿಂದ ಎಣಿಸಿದ್ರೂ ಅಷ್ಟೇ."

"ಅದಕ್ಕೇ ಅವಳ ಪ್ರಾಣ ತಿಂತೀಯಾ?"

"ಉಪ್ಪು ಎಲ್ಲಿದೆ ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಕಣ್ಣೆದುರಿಗೇ ಇದೆ. ಜುಲ್ಮಿರಾ ಬೈದ್ರೆ, ಬದುಕಿದೀನಿ ಅಂತ ಗೊತ್ತಾಗತ್ತೆ."

ಫಿರ್ಮಿನೊ ನಕ್ಕ. ಏಳು ಗೋಪುರ, ಮೂರು ಅಗ್ನಿಶಾಮಕ ಠಾಣೆ, ಎಲ್ಲ ಕಡೆ ಆ ನಗು ಕೇಳಿಸಿರಬೇಕು. ಜುಲ್ಮಿರಾ ಅರೆಗಳಿಗೆ ಗಾಜಿಗೆ ಹಣೆಯಿಟ್ಟು ನಿಂತಳು. ಆಮೇಲೆ ನಲವತ್ತೆರಡು ಮೆಟ್ಟಿಲ ಏಣಿಯನ್ನು ಹಿಮ್ಮುಖವಾಗಿ ಇಳಿದಳು. ಮೊಬೈಲು ಹಿಡಿಯುವುದು ಗೋಪುರದ ಹಿಂದಿನ ಬಂಡೆಯ ಮೇಲೆ ಮಾತ್ರ.

ನಿಯಂತ್ರಣ ಕೊಠಡಿಯ ಹೆಂಗಸು ಅಳತೆ ಬರೆದುಕೊಂಡು, ಆಚೆಗೆ ಒಂದು ಮಾತು ಕೂಗಿ, ಮತ್ತೆ ಫೋನಿಗೆ ಬಂದಳು.

"ವಾಹನ ಹೊರಟಿದೆ. ಆದ್ರೆ ಚಾನೆಲ್ ಸತ್ತಿದೆಯಮ್ಮ, ಅವರಿಗೆ ದಾರಿ ಹೇಳೋದು ಹೇಗೆ? ಇದ್ಯಾರದು ಗಡ್ಡ ಹೆರೆಸ್ಕೊಳ್ತಾ ಇರೋದು? ನಿಮಗೇನಾದ್ರೂ ಗೊತ್ತಾ?"

ಗೊತ್ತಿಲ್ಲ ಎನ್ನುವುದಕ್ಕೆ ಒಂದು ಉಸಿರು ಸಾಕಿತ್ತು.

"ನನ್ನ ಗಂಡ," ಎಂದಳು ಜುಲ್ಮಿರಾ. "ಫೋಂತೆ ಸೆಕಾದಲ್ಲಿ ಕೊಳಾಯಿ ಎದುರಿನ ಮನೆ, ನೀಲಿ ಬಾಗಿಲು. ಬೇಗ ಯಾರನ್ನಾದ್ರೂ ಕಳಿಸಿ. ಅವನಿಗೆ ಏಳೋಕಾಗಲ್ಲ, ಎತ್ತಬೇಕು."

ಕಾಲು ಗಂಟೆಯ ಮೇಲೆ ಚಾನೆಲ್ ತೆರವಾಯಿತು. ಅಷ್ಟರಲ್ಲಿ ಹತ್ತು ಎಕರೆ ಪೈನ್ ಮತ್ತು ಒಬ್ಬ ವಿಧವೆಯ ಜೇನುಪೆಟ್ಟಿಗೆಗಳೆಲ್ಲ ಸುಟ್ಟಿದ್ದವು. ಮಧ್ಯಾಹ್ನ ಪೂರ್ತಿ ಜುಲ್ಮಿರಾ ಆ ಕರಿ ತೇಪೆಯನ್ನು ನೋಡುತ್ತ, ಕೇಳಿದಾಗೆಲ್ಲ ಅಳತೆ ಹೇಳುತ್ತ ಕೂತಿದ್ದಳು. ಒರಾಸಿಯೊ ಸದಾ ಹಾಸ್ಯ ಮಾಡುವವನು, ಅವತ್ತು ಅಂಕಿ ಬಿಟ್ಟು ಬೇರೇನೂ ಆಡಲಿಲ್ಲ.

ಮಾರನೆಯ ಬೆಳಗ್ಗೆ ಕಾವಲು ದಳದ ಸಾರ್ಜೆಂಟ್ ಗೋಪುರ ಹತ್ತಿ ಬಂದ. ದಪ್ಪ ಮನುಷ್ಯ, ಏದುಸಿರು. ಮೇಜಿನ ಮೇಲೆ ಕಾಗದ ಹರಡಿದ.

"ಜುಲ್ಮಿರಾ ಅವ್ರೇ, ಆ ವಾಕಿಟಾಕಿ ತಿದ್ದಿದ್ದು ಅಡೆಲಿನೊ ಅಂತ ನಿಮ್ಮ ಯಜಮಾನ್ರು ಹೇಳಿದಾರೆ. ಗೋಪುರದ ಅಂಕಿ ಅವನೇ ಕದ್ದ ಅಂತ ಬರೀಲಾ? ನಿಮಗೇನೂ ಗೊತ್ತಿರಲಿಲ್ಲ ಅಂದ್ರೆ ನೀವು ಇಲ್ಲೇ ಇರ್ತೀರಿ. ನಿಮ್ಮಂಥ ಕಣ್ಣು ನಂಗೆ ಇನ್ನೊಂದು ಸಿಗಲ್ಲ."

"ಕದ್ದ ಅಂದ್ರೆ ಅವನಿಗೇನಾಗತ್ತೆ?"

"ದಂಡ ಅವನಿಗೂ ನಿಮ್ಮ ಯಜಮಾನ್ರಿಗೂ ಇದ್ದೇ ಇದೆ. ಕದ್ದಿದ್ದಾದ್ರೆ ಅವನ ಪರವಾನಗಿ ಹೋಗತ್ತೆ."

"ನಾನು ಹೇಳಿದ್ರೆ?"

"ನೀವು ಇವತ್ತೇ ಇಳೀಬೇಕು. ಮತ್ತೆ ಹತ್ತೋ ಹಾಗಿಲ್ಲ."

ಜುಲ್ಮಿರಾ ನಾಲ್ಕೂ ಕಿಟಕಿಯಿಂದ ಒಂದು ಸುತ್ತು ನೋಡಿದಳು. ಹದಿನೈದು ನಿಮಿಷ ಆಗಿತ್ತು, ನೋಡಲೇಬೇಕಿತ್ತು.

"ಸ್ವಚ್ಛ ಇದೆ," ಎಂದಳು. "ಬರೀರಿ. ಅಂಕಿ ಬಾಯಿಬಿಟ್ಟು ಹೇಳಿದ್ದು ನಾನೇ. ಯಾರೂ ಕದೀಲಿಲ್ಲ."

ಮನೆಗೆ ಬಂದಾಗ ಬೇಸಿಗೆಯ ಧಗೆಗೆ ಕಿಟಕಿಯ ಮರದ ಕದಗಳೆಲ್ಲ ಮುಚ್ಚಿದ್ದವು. ಆ ಕತ್ತಲಲ್ಲಿ ಅಮಾಂದಿಯೊ ಇವಳ ಹೆಜ್ಜೆಯ ಸದ್ದಿಗೇ ಮುಖ ತಿರುಗಿಸಿದ.

"ಹತ್ತು ಗಂಟೆಗೇ ಬಂದ್ಯಲ್ಲ?"

"ಇನ್ನು ಹೋಗೋದಿಲ್ಲ."

ಅವನಿಗೆ ಅದು ಅರ್ಥವಾಗಲು ಹೊತ್ತು ಹಿಡಿಯಿತು. "ಮಾತಾಡಿದ್ದು ನಾನು. ನಿನ್ನ ಯಾಕೆ ತೆಗೆದ್ರು?" ಎಂದ. ಅವಳು ಹೇಳಿದಳು. ಅವನು ಅಂಗೈ ನೋಡಿಕೊಂಡ. "ನಾನು ಅಲ್ಲಿ ಹೋಗಿ ಹೇಳ್ತೀನಿ," ಎಂದು ಎರಡು ಸಲ ಅಂದ. ಎಲ್ಲಿಗೆ ಹೋಗುವುದು, ಹೇಗೆ ಹೋಗುವುದು ಎಂದು ಇಬ್ಬರೂ ಕೇಳಲಿಲ್ಲ.

"ಒಂದು ಕೆಲ್ಸ ಮಾಡು ಅಮಾಂದಿಯೊ," ಎಂದಳು ಜುಲ್ಮಿರಾ. "ದಿನಾ ಎರಡರಿಂದ ನಾಲ್ಕರವರೆಗೆ ನಾನು ಹಿತ್ತಲಲ್ಲಿರ್ತೀನಿ. ಆ ಎರಡು ಗಂಟೆ ಕರೀಬೇಡ."

"ಕರೆಯಲ್ಲ. ಆಣೆಗೂ ಕರೆಯಲ್ಲ."

ಎರಡಕ್ಕೆ ಅವಳು ದ್ರಾಕ್ಷಿ ಚಪ್ಪರದ ಕೆಳಗೆ ಗಿಡ್ಡ ಕುರ್ಚಿ ಹಾಕಿ, ಬಾರ್ಲಿ ಕಾಫಿ ಹಿಡಿದು ಕೂತಳು. ಎದುರಿಗೆ ಗೋಡೆ. ಅದರಾಚೆ ಗುಡ್ಡ ಇತ್ತು, ಆದರೆ ಗೋಡೆ ಎತ್ತರ. ಕಾಲು ಗಂಟೆ ಯಾವ ಸದ್ದೂ ಇರಲಿಲ್ಲ. ಆಮೇಲೆ ಒಳಗಿನಿಂದ, ಬಹಳ ಮೆತ್ತಗೆ:

"ಜುಲ್ಮಿರಾ... ಏನಿಲ್ಲ. ಇದೀಯಾ ಅಂತ."

"ಇದೀನಿ ಮಾರಾಯ," ಎಂದಳು ಅವಳು. "ಇನ್ನೆಲ್ಲಿಗೆ ಹೋಗಲಿ."