ಕತ್ತರಿಯಕ್ಕ ಮೇಜಿನ ಕಾಲು ಕೊಯ್ಸಿದ್ದು

ಕತ್ತರಿಯಕ್ಕ ಮೂವತ್ತೆಂಟು ವರ್ಷ ಹೊಲಿದ ಬಟ್ಟೆಯನ್ನೆಲ್ಲ ಸೇರಿಸಿದರೆ ಚಂದ್ರನಿಗೊಂದು ತುಂಬುತೋಳಿನ ಅಂಗಿಯಾಗಿ, ಜೇಬಿಗೂ ಮಿಗುತ್ತಿತ್ತು. ಅಂಥವಳು ಬಚ್ಚಲಲ್ಲಿ ಜಾರಿ ಕೈಯೂರಿದ್ದೇ ತಡ, ಮಣಿಕಟ್ಟು ಸೀಮೆಸುಣ್ಣದ ಹಾಗೆ ಪಟಕ್ಕೆಂದಿತು.

ಎರಡು ತಿಂಗಳು ಪ್ಲಾಸ್ಟರ್. ಅಷ್ಟರಲ್ಲಿ ಅವಳ ಅಂಗಡಿಯ ಕಟಿಂಗ್ ಮೇಜಿಗೆ ಓರಗಿತ್ತಿ ಬಂದು ನಿಂತಳು. ಮೈದುನನ ಹೆಂಡತಿ, ಉದ್ದಕ್ಕೆ ದೀಪದ ಕಂಬ. ಹಾದುಹೋಗುವ ಮೋಡಗಳು ಅವಳ ತುರುಬಿಗೆ ಸಿಕ್ಕಿ ಹರಿಯುತ್ತಿದ್ದವು. ಬಗ್ಗಿದರೆ ಸೊಂಟ ನೋವೆಂದು ಮೇಜಿನ ನಾಲ್ಕೂ ಕಾಲಿಗೆ ಗೇಣುದ್ದದ ಮರದ ತುಂಡು ಹೊಡೆಸಿದಳು. ಅಕ್ಕ ವಾಪಸ್ಸು ಬಂದು ನೋಡಿದರೆ ಮೇಜು ಎದೆಮಟ್ಟ!

"ಮೇಜು ಬೆಳೆದಿಲ್ಲ ಅಕ್ಕ, ನೀವೇ ಕುಗ್ಗಿದ್ದೀರಿ. ಗುಂಡಿ ಹೊಲಿಯೋಕೆ ಸ್ಟೂಲ್ ಇದೆ, ಕೂತ್ಕೊಳ್ಳಿ."

ಅದೂ ಗಿರಾಕಿಗಳ ಎದುರಿಗೆ. ಅಕ್ಕ ಕೂತಳು. ಗುಂಡಿಗೊಂದರಂತೆ ಶಾಪ ಸೇರಿಸಿ ಹೊಲಿದಳು. ಮರುದಿನವೇ ಮೂಳೆ ಪರೀಕ್ಷೆ ಮಾಡಿಸಿಕೊಂಡು ಡಾಕ್ಟರಮ್ಮನ ಎದುರು ಹೋಗಿ ಕೂತಳು.

"ನಾನು ಮತ್ತೆ ಆ ಮೇಜಿನ ಮುಂದೆ ನಿಲ್ಲಬೇಕು, ಡಾಕ್ಟರಮ್ಮ."

"ಮೂಳೆಯೊಳಗೆ ಜೀವಕೋಶಗಳದ್ದು ಎರಡು ಗುಂಪಮ್ಮ. ಒಂದು ಹಳೇದನ್ನ ಬಿಚ್ಚುತ್ತೆ, ಇನ್ನೊಂದು ಹೊಸದು ಕಟ್ಟುತ್ತೆ. ನಿಮ್ಮಲ್ಲಿ ಬಿಚ್ಚೋರ ಕೈ ಜೋರಾಗಿದೆ. ಈ ಮಾತ್ರೆ ಹೋಗಿ ಮೂಳೆಗೆ ಅಂಟ್ಕೊಳ್ಳುತ್ತೆ. ಬಿಚ್ಚೋ ಜೀವಕೋಶ ಮೂಳೆ ಕರಗಿಸುವಾಗ ಅದನ್ನೂ ನುಂಗುತ್ತೆ. ಅಲ್ಲಿಗೆ ಅದರ ಆಟ ಬಂದ್."

"ಸಾಯುತ್ತಾ?"

"ಬಹಳಷ್ಟು ಸಾಯುತ್ತವೆ."

"ನರಳಿ ಸಾಯಲಿ."

"ಆದ್ರೆ ಬೆನ್ನುಮೂಳೆ ಸವೆದು ಕುಗ್ಗಿದ ಎತ್ತರ ವಾಪಸ್ ಬರಲ್ಲ."

"ಉಳಿದದ್ದು ಸಾಕು ಬಿಡಿ. ಆ ಓರಗಿತ್ತಿಗೆ ಅಷ್ಟೇ ಸಾಕು."

ವಾರಕ್ಕೊಂದು ಮಾತ್ರೆ, ಖಾಲಿ ಹೊಟ್ಟೆ, ಒಂದು ಲೋಟ ಬರೀ ನೀರು. ಅನ್ನನಾಳ ಸುಡದಿರಲೆಂದು ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ. ಅಕ್ಕ ಪ್ರತಿ ಸೋಮವಾರ ಬೆಳಿಗ್ಗೆ ಆ ಅರ್ಧ ಗಂಟೆಯನ್ನು ಎದೆಮಟ್ಟದ ಆ ಮೇಜಿನ ಮುಂದೆಯೇ ನಿಂತು ಕಳೆದಳು. ಮೂಳೆಯೊಳಗೆ ಬಿಚ್ಚುವವರೆಲ್ಲ ಓರಗಿತ್ತಿಯ ಮುಖ ಹೊತ್ತು, ಮಾತ್ರೆ ನುಂಗಿ ದೊಪದೊಪನೆ ಬೀಳುವುದು ಕಣ್ಣಿಗೆ ಕಟ್ಟುತ್ತಿತ್ತು. ಅವಳ ನಗುವಿಗೆ ಮೂರು ಬೀದಿ ಆಚೆಯ ನಾಯಿಗಳು ಊರು ಬಿಟ್ಟವು.

ವರ್ಷ ಕಳೆದು ಮತ್ತೆ ಮೂಳೆ ಪರೀಕ್ಷೆಯಾಯಿತು. "ಸವೆಯೋದು ನಿಂತಿದೆ. ಕತ್ತರಿ ಹಿಡೀರಿ. ಮಾತ್ರೆ ಮಾತ್ರ ಬಿಡಬೇಡಿ" ಎಂದರು ಡಾಕ್ಟರಮ್ಮ.

ಅಕ್ಕ ಅಲ್ಲಿಂದ ನೇರ ಹೋಗಿ ಬಡಗಿಯನ್ನು ಗರಗಸದ ಸಮೇತ ಎಳೆದುತಂದಳು. ಓರಗಿತ್ತಿ ಹೊಡೆಸಿದ್ದು ಒಂದು ಗೇಣು. ಅಕ್ಕ ಕೊಯ್ಸಿದ್ದು ಒಂದು ಗೇಣು, ಮೇಲೆ ಎರಡು ಬೆರಳು. ಆ ಎರಡು ಬೆರಳು ತಾನು ಕುಗ್ಗಿದ್ದಕ್ಕೆ.

ಓರಗಿತ್ತಿ ಬಟ್ಟೆ ಹಾಸಿ ಬಗ್ಗಿದಳು, ಬಗ್ಗಿದಳು, ಇನ್ನೂ ಬಗ್ಗಿದಳು.

"ಅಕ್ಕ, ನನ್ನ ಸೊಂಟ ಹೋಯ್ತು!"

ಅಕ್ಕ ಅವಳ ಕೈಯಿಂದ ಕತ್ತರಿ ಕಿತ್ತುಕೊಂಡು, ಗುಂಡಿಯ ಡಬ್ಬಿಯನ್ನು ಕಾಲಲ್ಲೇ ಆ ಕಡೆ ತಳ್ಳಿದಳು.

"ಸ್ಟೂಲ್ ಇದೆ ಕಣೇ. ಕೂತ್ಕೊ."