ಅಜ್ಜನ ಕಲ್ಲಿಗೆ ಒಂದು ಚೊಂಬು ನೀರು

ಮೊನ್ನೆ ಎಂ.ಸಿ.ಸಿ. ಬಡಾವಣೆಯ ಒಂದು ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದಾಗ ಒಳಗಿನಿಂದ ಬೆಸುಗೆಯ ಹೊಗೆ ತೇಲಿ ಬಂತು. ಕಾದ ಸೀಸ, ಅದರ ಜೊತೆ ಸುಟ್ಟ ರಾಳ. ಮೂಗಿಗೆ ತಾಗಿದ್ದೇ ತಡ, ಇಪ್ಪತ್ತೈದು ವರ್ಷಕ್ಕೂ ಹಿಂದಿನ ಒಂದು ಕಳವಳ ಮತ್ತೆ ಎದ್ದು ಕೂತಿತು. ಬಾಲ್ಯ ಎಂದರೆ ನಿಮಗೆ ಹೋಳಿಗೆಯೋ ಮಲ್ಲಿಗೆಯೋ ನೆನಪಾಗಬಹುದು. ನನ್ನ ಪಾಲಿಗೆ ಬಂದದ್ದು ಈ ಹೊಗೆ. ಇದರ ಬೆನ್ನಿಗೇ ಇನ್ನೊಂದು ವಾಸನೆಯೂ ಬರುತ್ತದೆ, ಒಣಗಿದ ನೆಲಕ್ಕೆ ಒಂದು ಚೊಂಬು ನೀರು ಬಿದ್ದಾಗ ಏಳುವ ಮಣ್ಣಿನ ವಾಸನೆ. ಎರಡೂ ಒಂದೇ ಮನೆಯವು. ಆ ಮನೆ ಈಗ ಇಲ್ಲ.

ದಾವಣಗೆರೆಯ ಹಳೇ ಪೇಟೆಯಲ್ಲಿತ್ತು ಅದು. ರೈಲಿನ ಡಬ್ಬಿಯ ಹಾಗೆ ಉದ್ದಕ್ಕೆ ಹೋಗುವ ಮನೆ: ಮುಂದೆ ಪಡಸಾಲೆ, ಆಮೇಲೆ ಕತ್ತಲ ನಡುಮನೆ, ಅಡುಗೆಮನೆ, ಬಚ್ಚಲು, ಕೊನೆಗೆ ಬೆಳಕು ಬೀಳುವ ಹಿತ್ತಲು. ನಮ್ಮಜ್ಜ ಹತ್ತಿ ಗಿರಣಿಯಲ್ಲಿ ವೈರ್‌ಮನ್ ಆಗಿದ್ದವರು. ನನಗೆ ಐದು ವರ್ಷವಾಗಿದ್ದಾಗ ತೀರಿಕೊಂಡರು. ಮನೆಯ ವೈರಿಂಗೆಲ್ಲ ಅವರ ಕೈಯದೇ. ಹಿತ್ತಲ ಗೋಡೆಯ ಬುಡದಲ್ಲಿ, ನಡುವೆ ತೂತಿರುವ ಒಂದು ಚಪ್ಪಟೆ ಕಲ್ಲನ್ನೂ ಅವರೇ ಹೂಳಿದ್ದರಂತೆ. ಅಜ್ಜಿ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಿತ್ತಾಳೆ ಚೊಂಬಿನಲ್ಲಿ ನೀರು ತಂದು, ಆ ತೂತಿಗೆ ಒಂದು ಹನಿ ಆಚೀಚೆ ಹೋಗದಂತೆ ಸುರಿಯುತ್ತಿದ್ದಳು. ಸೋಮವಾರ ಬಂದರೆ ಕಲ್ಲಿಗೆ ಮೂರು ಬೆರಳು ವಿಭೂತಿಯೂ ಬೀಳುತ್ತಿತ್ತು. ಯಾಕೆ ಅಂತ ಕೇಳಿದರೆ ಒಂದೇ ಉತ್ತರ. "ನಿಮ್ಮಜ್ಜ ಹೇಳಿ ಹೋಗ್ಯಾರೆ. ದಿನಾ ಒಂದು ಚೊಂಬು ನೀರು ಹಾಕು, ಮರೀಬ್ಯಾಡ ಅಂದಿದ್ರು." ಅದಕ್ಕಿಂತ ಹೆಚ್ಚು ಅವಳಿಗೂ ಗೊತ್ತಿರಲಿಲ್ಲ. ಅಜ್ಜನಿಗೊಂದು ಪುಟ್ಟ ಗದ್ದುಗೆ ಮಾಡಿಕೊಂಡಿದ್ದಾಳೆ ಎಂದು ನಾನು ಅಂದುಕೊಂಡಿದ್ದೆ.

ಅದೇ ಮನೆಯಲ್ಲಿ ನನ್ನ ಚಿಕ್ಕಪ್ಪ ರುದ್ರೇಶ ಇದ್ದ. ಮದುವೆಯಾಗಿರಲಿಲ್ಲ, ಸ್ವಭಾವದಲ್ಲಿ ಬಲು ಅಂಜುಬುರುಕ. ಕೈಗೆ ಗಿಟಾರ್ ಬಂದರೆ ಮಾತ್ರ ಬೆನ್ನು ನೆಟ್ಟಗಾಗುತ್ತಿತ್ತು. ಊರಿನ ಒಂದು ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹೊಸ ಸಿನಿಮಾ ಹಾಡುಗಳಲ್ಲಿ ಗಿಟಾರ್ ಗುರುಗುಟ್ಟುತ್ತಿತ್ತು, ಚಿಕ್ಕಪ್ಪನ ಗಿಟಾರ್ ಮಾತ್ರ ಟಿಣ್ ಟಿಣ್ ಅನ್ನುತ್ತಿತ್ತು. ಆ ಹೊತ್ತಿಗೆ ಆರ್ಕೆಸ್ಟ್ರಾಕ್ಕೆ ಹೊಸ ಕೀಬೋರ್ಡ್ ಬಂತು. ಅದರಲ್ಲಿ ಒಂದು ಗುಂಡಿ ಒತ್ತಿದರೆ ಗುರುಗುಟ್ಟುವ ಗಿಟಾರೂ ಬರುತ್ತಿತ್ತು. ಆರ್ಕೆಸ್ಟ್ರಾದ ಯಜಮಾನರಾಗಿದ್ದ ಪ್ರಭಾಕರ ಮಾಸ್ತರು ಕೆಟ್ಟವರಲ್ಲ. ಒಂದು ದಿನ ನಮ್ಮ ಪಡಸಾಲೆಯಲ್ಲೇ ಕೂತು ಚಹಾ ಕುಡಿಯುತ್ತ, "ರುದ್ರೇಶಾ, ಬಸವ ಜಯಂತಿಗೆ ಹರಿಹರದಾಗ ಪ್ರೋಗ್ರಾಮ್ ಐತೆ. ಆ ಸೌಂಡು ನೀನು ಕೊಟ್ರೆ ಸರಿ. ಇಲ್ಲಾಂದ್ರೆ ಕೀಬೋರ್ಡಿನಾಗೇ ಮುಗಿಸ್ತೀವಿ, ಬೇಜಾರು ಮಾಡ್ಕೋಬ್ಯಾಡ" ಅಂದರು. ಚಿಕ್ಕಪ್ಪ ನಗುತ್ತ ತಲೆಯಾಡಿಸಿದ. ಅವರು ಹೋದಮೇಲೆ ಅವನು ಖಾಲಿ ಲೋಟಗಳನ್ನು ಹಿಡಿದುಕೊಂಡು ನಡುಮನೆಯಲ್ಲಿ ಸುಮ್ಮನೆ ನಿಂತಿದ್ದುದನ್ನು ನಾನು ನೋಡಿದೆ.

ನಾನಾಗ ಒಂಬತ್ತನೇ ತರಗತಿ ಮುಗಿಸಿದ್ದೆ. ಅಜ್ಜನ ಟ್ರಂಕಿನಲ್ಲಿದ್ದ ಬೆಸುಗೆ ಕಡ್ಡಿ, ಇಕ್ಕಳ, ಸತ್ತ ರೇಡಿಯೋಗಳೆಲ್ಲ ಎಂದೋ ನನ್ನ ಸೊತ್ತಾಗಿದ್ದವು. ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಎಂದು ಅಮ್ಮ ಗೊಣಗಿದರೆ ಅಜ್ಜಿ, "ಅವರ ಕೈ ಇವಳಿಗೆ ಬಂದೈತೆ ಬಿಡವ್ವಾ" ಅನ್ನುತ್ತಿದ್ದಳು. ಹಳೆಯ ಪುಸ್ತಕದಂಗಡಿಯಿಂದ ತಂದ ಎಲೆಕ್ಟ್ರಾನಿಕ್ಸ್ ಪತ್ರಿಕೆಯೊಂದರಲ್ಲಿ ಗಿಟಾರಿನ ದನಿಯನ್ನು ಒರಟಾಗಿಸುವ ಸರ್ಕ್ಯೂಟಿನ ಚಿತ್ರವಿತ್ತು. ಎರಡು ಟ್ರಾನ್ಸಿಸ್ಟರ್, ಬೆರಳೆಣಿಕೆಯ ಕೆಪಾಸಿಟರು, ಒಂದು ಒಂಬತ್ತು ವೋಲ್ಟಿನ ಬ್ಯಾಟರಿ. ಇಷ್ಟೇ ತಾನೇ, ನಾನು ಮಾಡಿಕೊಡುತ್ತೇನೆ ಎಂದುಬಿಟ್ಟೆ. ನನ್ನ ಬಾಯಿ ಯಾವಾಗಲೂ ನನ್ನ ಕೈಗಿಂತ ನಾಲ್ಕು ಹೆಜ್ಜೆ ಮುಂದೆ. ಚಿಕ್ಕಪ್ಪ ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ನನ್ನ ಮಾತು ಹಿಡಿದುಕೊಂಡ. ಮೊದಲನೆಯ ಟ್ರಾನ್ಸಿಸ್ಟರ್ ತಿರುವುಮುರುವಾಗಿ ಕೂರಿಸಿ ಸುಟ್ಟೆ. ಬೇರೆ ತಂದೆವು. ಒಂದು ವಾರ ಬೆರಳೆಲ್ಲ ಬೊಬ್ಬೆ. ಕೊನೆಗೆ ಎಲ್ಲವನ್ನೂ ಅಜ್ಜನ ಟ್ರಂಕಿನಲ್ಲಿದ್ದ ಒಂದು ಕಬ್ಬಿಣದ ಸ್ವಿಚ್ ಡಬ್ಬಿಯೊಳಗೆ ಕೂರಿಸಿ, ಮೇಲೊಂದು ಒತ್ತುಗುಂಡಿ ಇಟ್ಟೆ. ಗಿಟಾರಿನ ವೈರು ಇತ್ತಲಿಂದ ಒಳಗೆ ಬರಬೇಕು, ಅತ್ತಲಿಂದ ಆಂಪ್ಲಿಫೈಯರಿಗೆ ಹೋಗಬೇಕು, ಹಾಡಿನ ನಡುವೆ ಗುಂಡಿಯನ್ನು ಕಾಲಿನಿಂದ ಒತ್ತಬೇಕು.

ಚಿಕ್ಕಪ್ಪ ಒತ್ತಿದ. ನಡುಮನೆಯ ಗೋಡೆಗಳೆಲ್ಲ ಗುರ್ ಎಂದವು. ಅಜ್ಜಿ ಅಡುಗೆಮನೆಯಿಂದ ಓಡಿಬಂದು, "ಹಪ್ಪಳದ ಡಬ್ಬಿ ಮ್ಯಾಲೆ ಎಮ್ಮೆ ಹಾದಂಗೆ ಐತಲ್ಲೋ ರುದ್ರಾ!" ಅಂದಳು. ನಾವು ಮೂವರೂ ಬಿದ್ದು ಬಿದ್ದು ನಕ್ಕೆವು. ಆದರೆ ಅಜ್ಜನ ಡಬ್ಬಿಯನ್ನು ಕಾಲಲ್ಲಿ ತುಳಿಯುವುದು ಅವಳಿಗೆ ಸೇರಲಿಲ್ಲ. ಪ್ರತಿ ಸಲ ತುಳಿಯುವ ಮೊದಲು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು ಎಂದು ಚಿಕ್ಕಪ್ಪನಿಂದ ಮಾತು ತೆಗೆದುಕೊಂಡಳು. ಮಾಸ್ತರು ಬಂದು ಕೇಳಿ, "ಹರಿಹರದಾಗೂ ಹಿಂಗೇ ಬರ್ಲಿ, ನೋಡಾಣ" ಎಂದು ಹೋದರು. ಆ ರಾತ್ರಿ ಚಿಕ್ಕಪ್ಪ ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಆಮೇಲೆ ಬೇಸಿಗೆ ಬಲಿಯಿತು. ನಲ್ಲಿಯಲ್ಲಿ ಎಂಟು ದಿನಕ್ಕೊಮ್ಮೆ ನೀರು. ಕೊಡ, ಬಕೆಟ್ಟು, ಪಾತ್ರೆ, ಕೊನೆಗೆ ಚಹಾ ಕಾಸುವ ಪಾತ್ರೆಯಲ್ಲೂ ನೀರು ತುಂಬಿಟ್ಟುಕೊಳ್ಳುವ ಕಾಲ. ನಸುಕಿನಲ್ಲಿ ಎದ್ದು ನೀರು ಹಿಡಿಯುವ ಪಾಳಿ ನನ್ನದು. ಅಂಥ ಒಂದು ಬೆಳಿಗ್ಗೆ, ನಿದ್ದೆಗೆಟ್ಟು ತಲೆ ಕಾದಿದ್ದಾಗ, ಅಜ್ಜಿ ತುಂಬಿದ ಚೊಂಬು ಹಿಡಿದು ಹಿತ್ತಲಿಗೆ ಹೊರಟಿದ್ದು ಕಣ್ಣಿಗೆ ಬಿತ್ತು. "ಕುಡಿಯಾಕೇ ನೀರಿಲ್ಲ, ನೀನು ಕಲ್ಲಿಗೆ ಕುಡಿಸ್ತೀಯಲ್ಲ ಅಜ್ಜಿ! ಕಲ್ಲೇನು ಬಾಯಾರಿಕೆ ಅಂತ ಅಳ್ತೈತಾ?" ಅಂದೆ. ಬರೀ ಅಂದಿದ್ದರೆ ಆಗಿತ್ತು, ಚೊಂಬನ್ನು ಕೈಯಿಂದ ಇಸಿದುಕೊಂಡು ಕೊಡಕ್ಕೆ ಸುರಿದೆ. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಮರುದಿನದಿಂದ ಹಿತ್ತಲಿಗೆ ಚೊಂಬು ಹೋಗಲಿಲ್ಲ. ಬುದ್ಧಿ ಹೇಳಿದೆ ಎಂದು ನನಗೆ ಹೆಮ್ಮೆಯೇ ಆಗಿತ್ತು.

ಐದಾರು ದಿನ ಕಳೆದಿರಬೇಕು. ಚಿಕ್ಕಪ್ಪ ಗುಂಡಿ ಒತ್ತಿದಾಗ ಗುರುಗುಟ್ಟುವಿಕೆಯ ಕೆಳಗೆ ಇನ್ನೊಂದು ಸದ್ದು ಕೇಳಿತು, ಜೇನುಹುಟ್ಟಿನಂತೆ ಗುಂಯ್ ಎನ್ನುವುದು. ದಿನದಿಂದ ದಿನಕ್ಕೆ ಅದು ದಪ್ಪವಾಯಿತು. ಚಿಕ್ಕಪ್ಪ ತಂತಿ ಮುಟ್ಟಿದರೆ ಸ್ವಲ್ಪ ತಗ್ಗುತ್ತಿತ್ತು, ಬಿಟ್ಟರೆ ಮತ್ತೆ ಗುಂಯ್. ಹರಿಹರಕ್ಕೆ ಒಂಬತ್ತು ದಿನ ಉಳಿದಿತ್ತು. ನಾನು ಡಬ್ಬಿ ಬಿಚ್ಚಿದೆ. ಬೆಸುಗೆಗಳನ್ನೆಲ್ಲ ಮತ್ತೆ ಕಾಯಿಸಿದೆ. ಕೆಪಾಸಿಟರು ಬದಲಿಸಿದೆ, ವೈರು ಬದಲಿಸಿದೆ, ಹೊಸ ಬ್ಯಾಟರಿ ಹಾಕಿದೆ. ಮುಚ್ಚಿ, ಒತ್ತಿ, ಉಸಿರು ಹಿಡಿದು ಕೇಳಿದರೆ ಅದೇ ಗುಂಯ್. ಊಟ ರುಚಿಸುತ್ತಿರಲಿಲ್ಲ. ಊಟದ ತಟ್ಟೆಯ ಮೇಲೆ ಬೆರಳಿನಲ್ಲಿ ಸರ್ಕ್ಯೂಟು ಬರೆಯುತ್ತಿದ್ದೆ. ಚಿಕ್ಕಪ್ಪ ಒಂದು ಸಲವೂ ಬೈಯಲಿಲ್ಲ. "ಆಗ್ತೈತಿ ಬಿಡು ನಾಗೂ, ನಿಂಗೆ ಆಗದೇ ಇರೋದಾ" ಅನ್ನುತ್ತಿದ್ದ. ಅನ್ನುವಾಗ ಅವನ ದೃಷ್ಟಿ ಗೋಡೆಯ ಕ್ಯಾಲೆಂಡರಿನ ಮೇಲಿರುತ್ತಿತ್ತು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನನ್ನಿಂದಾಗಿಯೇ ಅವನ ಜಾಗ ಹೋಗುತ್ತದೆ ಎಂಬ ಭಯ ನನ್ನ ಎದೆಯ ಮೇಲೆ ಬೀಸುವ ಕಲ್ಲಿನಂತೆ ಕೂತಿತ್ತು.

ಕಾರ್ಯಕ್ರಮಕ್ಕೆ ಮೂರು ದಿನವಿತ್ತು. ಮಧ್ಯಾಹ್ನ ಆಂಪ್ಲಿಫೈಯರ್ ಹಚ್ಚಿ, ಡಬ್ಬಿ ಬಿಚ್ಚಿಟ್ಟುಕೊಂಡು, ಇನ್ನೇನು ಮಾಡುವುದು ತಿಳಿಯದೆ ಕೈ ಮಡಚಿ ಕೂತಿದ್ದೆ. ಅಮ್ಮ ಬಟ್ಟೆ ಒಗೆದ ಬಕೆಟ್ಟಿನ ಕೊನೆಯ ನೀರನ್ನು ಹಿತ್ತಲ ಗೋಡೆಯ ಬುಡಕ್ಕೆ ಚೆಲ್ಲಿದರು. ಗುಂಯ್ ಎನ್ನುವುದು ಸಣ್ಣಗಾಗುತ್ತ ಹೋಗಿ, ಯಾರೋ ಬಾಯಿ ಮುಚ್ಚಿಸಿದ ಹಾಗೆ ನಿಂತಿತು. ನಾನು ಏನನ್ನೂ ಮುಟ್ಟಿರಲಿಲ್ಲ. ಹಿತ್ತಲಿಗೆ ಓಡಿದೆ. ನೀರು ಕಲ್ಲಿನ ತೂತಿನೊಳಗೆ ಗುಳುಗುಳು ಇಳಿಯುತ್ತಿತ್ತು. ಮೀಟರ್ ಬೋರ್ಡಿನಿಂದ ಗೋಡೆಗುಂಟ ಇಳಿದ ಒಂದು ದಪ್ಪ ತಂತಿ ಅದೇ ಕಲ್ಲಿನ ಕೆಳಗೆ ಹೋಗಿತ್ತು. ಹುಟ್ಟಿದಾಗಿನಿಂದ ನೋಡಿದ ತಂತಿ ಅದು, ಒಮ್ಮೆಯೂ ಕಂಡಿರಲಿಲ್ಲ. ಸೋರುವ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ಎಂದರೇನು ಎಂಬ ಪ್ರಶ್ನೆಗೆ ಉಪ್ಪು, ಇದ್ದಿಲು, ತೇವದ ಮಣ್ಣು, ಲೋಹದ ಕೊಳವೆ ಎಂದು ಬರೆದು ಪರೀಕ್ಷೆಯಲ್ಲಿ ಪೂರ್ತಿ ಅಂಕ ತಗೊಂಡಿದ್ದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳು ನಾನು. ದೋಷ ಡಬ್ಬಿಯಲ್ಲಿರಲಿಲ್ಲ, ಒಣಗಿದ ಅರ್ತಿನಲ್ಲಿತ್ತು. ಅಜ್ಜ ನೆಲದೊಳಗೆ ತೇವ ಕಾಯುವ ಕೆಲಸವನ್ನು ಹೆಂಡತಿಗೆ ವಹಿಸಿ ಹೋಗಿದ್ದರು, ಒಂಬತ್ತು ವರ್ಷ ಅವಳು ತಪ್ಪದೆ ಮಾಡಿದ್ದಳು, ನಾನು ಅವಳ ಕೈಯಿಂದ ಚೊಂಬು ಕಿತ್ತುಕೊಂಡಿದ್ದೆ.

ಆಗಲೇ ಹೋಗಿ ಅಜ್ಜಿಗೆ ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಪಾಲಿನ ಸ್ನಾನದ ನೀರಿನಲ್ಲೇ ಒಂದು ಚೊಂಬು ಉಳಿಸಿ, ಯಾರೂ ಇಲ್ಲದಾಗ ಕಲ್ಲಿಗೆ ಹಾಕತೊಡಗಿದೆ. ಡಬ್ಬಿ ಸರಿಯಾಯಿತು ಎಂದು ಚಿಕ್ಕಪ್ಪನಿಗೆ ಅಂದೆ. ಹೇಗೆ ಎಂದು ಅವನು ಕೇಳಲಿಲ್ಲ.

ಬಸವ ಜಯಂತಿಯ ದಿನ ಅಜ್ಜಿಯೂ ನಮ್ಮ ಜೊತೆ ಹೊರಟಳು, ಹರಿಹರದಲ್ಲಿದ್ದ ತಂಗಿಯನ್ನು ನೋಡುವ ನೆಪ. ಬಸ್ಸು ದಾರಿಯ ಬಾತಿ ಹಳ್ಳಿ ದಾಟುವಷ್ಟರಲ್ಲಿ ಚಿಕ್ಕಪ್ಪ ಡಬ್ಬಿಯನ್ನು ಮೂರು ಸಲ ಕಣ್ಣಿಗೊತ್ತಿಕೊಂಡ. ಹೊಳೆಗೆ ಹತ್ತಿರದ ಒಂದು ಬಯಲಿನಲ್ಲಿ ವೇದಿಕೆ ಹಾಕಿದ್ದರು. ಇನ್ನೂ ಬಿಸಿಲಿತ್ತು, ಜನ ಬರುವ ಮೊದಲೇ ಎಲ್ಲ ಹಚ್ಚಿ ನೋಡುತ್ತಿದ್ದರು. ಚಿಕ್ಕಪ್ಪ ಗುಂಡಿ ಒತ್ತಿದ. ಗುಂಯ್ ಎಂದಿತು, ಮನೆಯಲ್ಲಿದ್ದದ್ದರ ಹತ್ತು ಪಟ್ಟು. ಮಾಸ್ತರು ಕೀಬೋರ್ಡಿನವನ ಕಡೆ ಒಮ್ಮೆ ನೋಡಿದರು. ಆ ನೋಟ ಚಿಕ್ಕಪ್ಪನಿಗೂ ಕಾಣಿಸಿತು. ನಾನು ವೇದಿಕೆಯ ಹಿಂದಕ್ಕೆ ಓಡಿದೆ. ಮೈಕಿನವರು ಒಂದು ಕಬ್ಬಿಣದ ಸರಳನ್ನು ಒಣ ಮರಳಿಗೆ ಬಡಿದು ಅದಕ್ಕೇ ಅರ್ತ್ ತಂತಿ ಸುತ್ತಿದ್ದರು. ಮಿರ್ಚಿ ಅಂಗಡಿಯವನ ಹತ್ತಿರ ಹಿಡಿ ಉಪ್ಪು ಬೇಡಿ ತಂದು ಸರಳಿನ ಸುತ್ತ ಉದುರಿಸಿದೆ. ಅಜ್ಜಿಯ ಚೀಲದಲ್ಲಿದ್ದ ಚೊಂಬು ಎಳೆದುಕೊಂಡು, ಕುಡಿಯುವ ನೀರಿನ ಡ್ರಮ್ಮಿನಿಂದ ತುಂಬಿ ತುಂಬಿ ಸರಳಿನ ಬುಡಕ್ಕೆ ಸುರಿದೆ. ಮರಳು ಎಷ್ಟು ಹಾಕಿದರೂ ಕುಡಿಯುತ್ತಿತ್ತು. ತಲೆ ಎತ್ತಿದರೆ ಅಜ್ಜಿ ಎದುರಿಗೆ ನಿಂತಿದ್ದಳು.

"ಇದಕ್ಕೆ ಯಾಕ ನೀರು?" ಅಂದಳು.

"ನೆಲ ಹಸಿ ಇದ್ರೆ ಆ ಗುಂಯ್ ಅನ್ನೋದು ನಿಲ್ತೈತೆ ಅಜ್ಜಿ. ಕರೆಂಟು ಹೊಡೆಯಲ್ಲ. ಮನ್ಯಾಗಿನ ಕಲ್ಲೂ ಅದಕ್ಕೇ."

ಅವಳು ಬಗ್ಗಿ ಒದ್ದೆ ಮರಳನ್ನು ಮುಟ್ಟಿ ನೋಡಿದಳು. "ಹಂಗಾದ್ರೆ ನಿಮ್ಮಜ್ಜ ಸುಮ್ನೆ ಹೇಳಿರ್ಲಿಲ್ಲ" ಅಂದಳು. ಆಮೇಲೆ ನನ್ನ ಕೈಯಿಂದ ಚೊಂಬು ತೆಗೆದುಕೊಂಡು, ಮನೆಯಲ್ಲಿ ಹಾಕುತ್ತಿದ್ದ ಹಾಗೆಯೇ, ಸಣ್ಣ ಧಾರೆಯಾಗಿ ಸುರಿಯತೊಡಗಿದಳು. ವೇದಿಕೆಯ ಮೇಲೆ ಗುಂಯ್ ತಗ್ಗಿತು, ನಿಂತಿತು. ಅಂದು ಸಂಜೆ ಚಿಕ್ಕಪ್ಪನ ಗಿಟಾರ್ ಗುರುಗುಟ್ಟಿದಾಗ ಬಯಲಿನ ಹುಡುಗರು ಸಿಳ್ಳೆ ಹೊಡೆದರು. ಕಾರ್ಯಕ್ರಮ ಮುಗಿಯುವವರೆಗೆ ಅಜ್ಜಿ ವೇದಿಕೆಯ ಹಿಂದೆಯೇ ಕೂತಿದ್ದಳು, ಎರಡು ಹಾಡಿಗೊಮ್ಮೆ ಎದ್ದು ಒಂದು ಚೊಂಬು ಹಾಕುತ್ತ. ಮಾಸ್ತರು ಚಿಕ್ಕಪ್ಪನ ಬೆನ್ನು ತಟ್ಟಿ, ಮುಂದಿನ ಪ್ರೋಗ್ರಾಮಿನ ತಾರೀಖು ಹೇಳಿದರು.

ಆ ಆರ್ಕೆಸ್ಟ್ರಾ ಮುಂದೆ ಮೂರು ವರ್ಷ ನಡೆದು ನಿಂತಿತು. ಅಲ್ಲಿಯವರೆಗೂ ಚಿಕ್ಕಪ್ಪನ ಜಾಗ ಚಿಕ್ಕಪ್ಪನದೇ ಆಗಿತ್ತು. ಅಜ್ಜಿ ಹೋದಳು. ಮನೆಯಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಅಂಗಡಿ ಸಾಲು, ಕಲ್ಲು ಯಾವ ಟೈಲ್ಸಿನ ಕೆಳಗಿದೆಯೋ ತಿಳಿಯದು. ಡಬ್ಬಿ ನನ್ನ ಹತ್ತಿರವಿದೆ. ಗುಂಡಿಯ ಸುತ್ತ ಚಿಕ್ಕಪ್ಪನ ಕಾಲಿನ ಹೆಬ್ಬೆರಳು ಸವೆಸಿದ ಗುರುತಿದೆ. ಇವುಗಳನ್ನು ನೆನೆದರೆ ದುಃಖವಾಗುತ್ತದೆ, ಅಷ್ಟೇ. ಬೆಸುಗೆಯ ಹೊಗೆ ಎಬ್ಬಿಸುವ ಆ ಕಳವಳ ಮಾತ್ರ ಹರಿಹರದಿಂದ ಬಂದ ಮರುದಿನದ್ದು.

ಅಂದು ನಾನು ಏಳುವಾಗ ಬಿಸಿಲೇರಿತ್ತು. ಹಲ್ಲುಜ್ಜಲು ಹಿತ್ತಲಿಗೆ ಹೋದರೆ ಅಜ್ಜಿ ಕಲ್ಲಿನ ಹತ್ತಿರ ನಿಂತಿದ್ದಳು. ಹಣೆಯಲ್ಲಿ ಹೊಸ ವಿಭೂತಿ, ಕೈಯಲ್ಲಿ ಚೊಂಬು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಚೊಂಬಿನಲ್ಲಿ ನೀರು ಅರ್ಧ ಮಾತ್ರ ಇತ್ತು. ನನ್ನನ್ನು ಕಂಡು ಅದನ್ನು ಸ್ವಲ್ಪ ವಾಲಿಸಿ ತೋರಿಸಿದಳು. ದನಿಯಲ್ಲಿ ಅಣಕವಿರಲಿಲ್ಲ, ಮುನಿಸಿರಲಿಲ್ಲ.

"ಅರ್ಧಾನೇ ತಂದೀನಿ. ಹಾಕ್ಲೇನವ್ವಾ ನಾಗೂ?" ಅಂದಳು.

ತನ್ನ ಗಂಡನ ಕಲ್ಲಿಗೆ ನೀರು ಹಾಕಲು ಹದಿನಾಲ್ಕು ವರ್ಷದ ನನ್ನನ್ನು ಕೇಳುತ್ತಿದ್ದಳು. ನನ್ನ ಬಾಯಿ ತುಂಬ ಹಲ್ಲುಪುಡಿ ಇತ್ತು. ತಲೆಯಾಡಿಸಿದೆ. ಅವಳು ಬಗ್ಗಿ ಸುರಿದಳು, ಮಣ್ಣಿನ ವಾಸನೆ ಎದ್ದಿತು.