ಮೊಣಕಾಲೆತ್ತರದ ಸೋಫಾ

ದೀಪಾವಳಿಗೆಂದು ಮನೆ ಗುಡಿಸುವಾಗ ಟ್ರಂಕಿನ ತಳದಿಂದ ನುಸಿಗುಳಿಗೆಯ ವಾಸನೆಯ ಜೊತೆಗೆ ಒಂದು ಅಚ್ಚುಚಿತ್ರ ಹೊರಬಂತು. ಯಾವುದೋ ದೇಶದ ಹಳೆಯ ಅರಮನೆಯ ಸೋಫಾ. ಸಿಂಹಪಾದದ ಕಾಲುಗಳು, ಬೆನ್ನಿನ ತುಂಬ ದ್ರಾಕ್ಷಿಬಳ್ಳಿಯ ಕೆತ್ತನೆ, ಕೆಂಪು ಮಖಮಲ್ಲು. ಅಂಚಿನಲ್ಲಿ ಗೋಡೆಯ ಸುಣ್ಣ ಇನ್ನೂ ಅಂಟಿಕೊಂಡಿತ್ತು. ಪೀತಮ್‌ಪುರದ ಮಾಮಿ ನೆನಪಾದರು...

ನಾನು ಚಿಕ್ಕವಳಿದ್ದಾಗ ದೆಹಲಿಯ ಆ ಬಡಾವಣೆಯಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಅವರ ಯಜಮಾನರು ಕೇಂದ್ರ ಸರ್ಕಾರದ ಗುಮಾಸ್ತರು. ಹೇಗೂ ಒಂದು ದಿನ ಊರಿಗೆ ಹೋಗುವವರು, ಇಲ್ಲೇಕೆ ಸಾಮಾನು ಎಂದು ದೆಹಲಿಯ ನಮ್ಮವರೆಲ್ಲ ಆಗ ಮಡಿಸುವ ಮಂಚ, ಚಾಪೆಗಳಲ್ಲೇ ಸಂಸಾರ ತೂಗಿಸುತ್ತಿದ್ದರು. ಮಾಮಿಗೋ ಸೋಫಾ ಎಂದರೆ ಪ್ರಾಣ. ಕೇಳಿದಾಗಲೆಲ್ಲ ಯಜಮಾನರದು ಒಂದೇ ಉತ್ತರ: "ರಿಟೈರ್ ಆಗ್ಲಿ ಕಣೇ, ಊರಲ್ಲೇ ಮಾಡಿಸೋಣ."

ಮಾಮಿ ಜಗಳವಾಡಲಿಲ್ಲ. ಹಳೆ ಪುಸ್ತಕ ಮಾರುವ ಭಯ್ಯಾನ ಹತ್ತಿರ ಚೌಕಾಸಿ ಮಾಡಿ ಇಂಥ ಚಿತ್ರಗಳನ್ನು ತಂದು ಗೋಡೆಗೆ ಅಂಟಿಸಿದರು. ಕಣ್ಣೆತ್ತರಕ್ಕಲ್ಲ, ಆ ಸಾಮಾನು ಬಂದರೆ ಎಲ್ಲಿರಬೇಕೋ ಅಲ್ಲಿಗೇ! ತೂಗುದೀಪ ಫ್ಯಾನಿನ ಪಕ್ಕ. ನಿಲುವುಗನ್ನಡಿ ಬಾಗಿಲ ಬಳಿ; ನಮ್ಮನ್ನು ನಗಿಸಲಿಕ್ಕೆ ಅದರೆದುರು ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಸೋಫಾ ಮೊಣಕಾಲೆತ್ತರದಲ್ಲಿ, ಅದರ ಕೆಳಗೆ ಚಾಪೆ.

"ಬಾರೇ, ಸೋಫಾ ಮೇಲೆ ಕೂತ್ಕೋ," ಎನ್ನುತ್ತಿದ್ದರು. ನಾನು ಚಾಪೆಯ ಮೇಲೆ ಮಹಾರಾಣಿಯ ಹಾಗೆ ಬೀಗುತ್ತಿದ್ದೆ.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ದಂಗಾಯ್ತು ನಿಮ್ಮದು," ಎಂದು ಅಮ್ಮ ಛೇಡಿಸಿದರೆ, ಮಾಮಿ ನಗುತ್ತಲೇ, "ಅಚ್ಛಾ, ಆಗ್ಲಿ ಬಿಡಿ. ಕುಲಾವಿ ಚೆನ್ನಾಗಿದೆ ತಾನೆ?" ಎಂದಿದ್ದರು.

ಯಜಮಾನರ ನಿವೃತ್ತಿ ಇನ್ನೂ ದೂರವಿತ್ತು. ಒಂದು ಚಳಿಗಾಲ ಜ್ವರ ಎದೆಗಿಳಿಯಿತು... ಮಾಮಿ ಮತ್ತೆ ಏಳಲಿಲ್ಲ. ಆ ದಿನ ಮನೆ ತುಂಬ ಜನ. ಸೋಫಾದ ಚಿತ್ರದ ಕೆಳಗೆ ಮಾತ್ರ ಯಾರೂ ಕೂರಲಿಲ್ಲ.

ಕೆಲವು ವಾರಗಳ ಮೇಲೆ ಯಜಮಾನರು ಅದನ್ನು ಕಿತ್ತು ತಂದು ನನ್ನ ಕೈಗಿತ್ತರು. "ನೀನೇ ಇಟ್ಕೋಮ್ಮ. ನನ್ನಿಂದ ನೋಡಕ್ಕಾಗಲ್ಲ." ರಿಟೈರಾದ ಮೇಲೆ ಊರಿಗೆ ಅವರೊಬ್ಬರೇ ಹೋದರು.

ಈಗ ದೆಹಲಿಯಂಚಿನ ಇಂದಿರಾಪುರಂನ ನಮ್ಮ ಫ್ಲಾಟಿನಲ್ಲಿ ಕೆತ್ತನೆಯ ಸೋಫಾ ಇದೆ. ಅಂಗಡಿಯಿಂದ ಬಂದಾಗಿನ ಪ್ಲಾಸ್ಟಿಕ್ ಕವರ್ ಹಾಗೇ ಇತ್ತು. ಧೂಳಿನ ಊರು, ನೆಂಟರು ಬಂದಾಗ ತೆಗೆದರಾಯಿತು ಎಂದು ನಾನೇ ಬಿಟ್ಟದ್ದು. ಮಾಮಿ ಇದ್ದಿದ್ದರೆ ಒಂದು ನಿಮಿಷ ಬಿಡುತ್ತಿರಲಿಲ್ಲ. ಅವರು ಬೇಕಿತ್ತು ನನಗೆ, ಇವತ್ತು, ಇಲ್ಲಿ.

ಚಿತ್ರ ಕೆಳಗಿಟ್ಟು ಕವರನ್ನು ಪರಪರ ಹರಿದೆ. ಸದ್ದಿಗೆ ಮಗಳು ಓಡಿಬಂದಳು. "ಅಮ್ಮಾ, ಕೋಯೀ ಆ ರಹಾ ಹೈ ಕ್ಯಾ? ಯಾರು ಬರ್ತಾರೆ?"

ಬರುವವರು ಯಾರೂ ಇರಲಿಲ್ಲ. ಆದರೂ ಸೋಫಾದ ಒಂದು ಬದಿಗೆ ಸರಿದು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು ಕೂತೆ.